ರೀಸೆಟ್‌ಗೆ ಮುನ್ನ ಲೆಕ್ಕ ಹಾಕಿ

ಹೊಸದಾಗಿ ಸೇರಿದವರ ಹೆಸರು ಕಚೇರಿಯ ಮೇಲ್ ಪಟ್ಟಿಯಲ್ಲಿ ಕಾಣದಿದ್ದರೆ ಸಮಸ್ಯೆ ಇನ್‌ಬಾಕ್ಸ್‌ನದ್ದಲ್ಲ, ಡೈರೆಕ್ಟರಿಯದ್ದಿರಬಹುದು. ಅನೇಕ ಕಂಪನಿಗಳಲ್ಲಿ ಎರಡು ಡೈರೆಕ್ಟರಿಗಳಿರುತ್ತವೆ. ಕಚೇರಿಯ ಎಕ್ಸ್‌ಚೇಂಜ್ ಸರ್ವರ್ ಬಳಸುವ ಆ್ಯಕ್ಟಿವ್ ಡೈರೆಕ್ಟರಿ ಒಂದು. ಕ್ಲೌಡ್‌ನ ಎಕ್ಸ್‌ಚೇಂಜ್ ಆನ್‌ಲೈನ್ ನೋಡುವ ಎಂಟ್ರಾ ಐಡಿ ಇನ್ನೊಂದು. ಎಂಟ್ರಾ ಕನೆಕ್ಟ್ ಎಂಬ ತಂತ್ರಾಂಶ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಇವೆರಡನ್ನೂ ಹೊಂದಿಸುತ್ತದೆ. ಬದಲಾದದ್ದನ್ನಷ್ಟೇ ಒಯ್ಯುವುದು ‘ಡೆಲ್ಟಾ’. ಎಲ್ಲವನ್ನೂ ಮತ್ತೆ ಓದಿ ತಾಳೆ ನೋಡುವುದು ‘ಇನಿಷಿಯಲ್’.

ಹೆಸರು, ವಿಳಾಸ ಬದಲಾದರೂ ವ್ಯಕ್ತಿಯನ್ನು ಗುರುತಿಸಲು ‘ಸೋರ್ಸ್ ಆ್ಯಂಕರ್’ ಇದೆ. ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳನ್ನು ನಮ್ಮ ಯುಎಸ್‌ಎನ್ ಬೇರ್ಪಡಿಸುತ್ತದಲ್ಲ, ಹಾಗೆ.

ಹೊಂದಾಣಿಕೆ ಕೆಟ್ಟಾಗ ಎಲ್ಲವನ್ನೂ ಹೊಸದಾಗಿ ಶುರು ಮಾಡೋಣ ಅನಿಸುವುದು ಸಹಜ. ಆದರೆ ಹೊಸ ಸೆಟ್ಟಿಂಗ್‌ನಲ್ಲಿ ಒಂದು ವಿಭಾಗಕ್ಕೆ ಟಿಕ್ ಹಾಕದೆ ಬಿಟ್ಟರೆ, ಆ ವಿಭಾಗದವರೆಲ್ಲ ಕ್ಲೌಡ್‌ನಿಂದ ಅಳಿದುಹೋಗುತ್ತಾರೆ. ಅಳಿದ ಖಾತೆಯನ್ನು ಮರಳಿ ಪಡೆಯಲು ಇರುವುದು 30 ದಿನ. ಇದಕ್ಕೊಂದು ತಡೆ ಇದೆ: ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ಅಳಿಸುವಿಕೆ ಬಂದರೆ ತಂತ್ರಾಂಶ ತಾನೇ ನಿಲ್ಲುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಈ ಸಂಖ್ಯೆ. 80 ಜನರ ಸಂಸ್ಥೆಯಲ್ಲಿ ಎಲ್ಲರೂ ಅಳಿದರೂ ಈ ಮಿತಿ ಮುಟ್ಟುವುದಿಲ್ಲ! ಅಲ್ಲಿ ಮಿತಿಯನ್ನು ನಾವೇ ಇಳಿಸಬೇಕು.

ಸಿಸ್ಟಂ ಅಡ್ಮಿನ್ ಕೆಲಸ ಹುಡುಕುತ್ತಿರುವ ಗೆಳೆಯರೇ, ಕ್ರಮ ಹೀಗಿರಲಿ: ಮೊದಲು ಹಳೆಯ ಸೆಟ್ಟಿಂಗ್ ಉಳಿಸಿಕೊಳ್ಳಿ. ‘ಸ್ಟೇಜಿಂಗ್ ಮೋಡ್’ನಲ್ಲಿ ಓಡಿಸಿ, ಅದು ಲೆಕ್ಕ ಹಾಕುತ್ತದೆ, ಕ್ಲೌಡ್‌ಗೆ ಏನೂ ಬರೆಯುವುದಿಲ್ಲ. ಎಷ್ಟು ಹೆಸರು ಅಳಿಯಲಿವೆ ಎಂದು ಎಣಿಸಿ. ಆ ಸಂಖ್ಯೆಗೆ ಕಾರಣ ಗೊತ್ತಾದ ಮೇಲಷ್ಟೇ ಮುಂದುವರಿಯಿರಿ.