ತುಮರಿಯ ಮೇಲೆ ಮರವಂತೆಗೆ

ಪರೀಕ್ಷೆ ಮುಗಿದಿದೆ. ಹಿನ್ನೀರು, ಬೆಟ್ಟ, ಕಡಲು ಮೂರನ್ನೂ ಮಕ್ಕಳಿಗೆ ಒಂದೇ ದಿನದಲ್ಲಿ ತೋರಿಸಬೇಕೆ? ಬೆಳಿಗ್ಗೆ ಬೇಗ ಸಾಗರ ಬಿಡಿ.

ಅಂಬಾರಗೋಡ್ಲಿನಲ್ಲಿ ಶರಾವತಿಯ ಹಿನ್ನೀರು ಎದುರಾಗುತ್ತದೆ. 2025ರ ಜುಲೈನಲ್ಲಿ ತೆರೆದ 2.44 ಕಿ.ಮೀ. ಉದ್ದದ ಸೇತುವೆ ದಾಟಿದರೆ ಕಳಸವಳ್ಳಿ. ಅಲ್ಲಿ ಗಾಡಿ ನಿಲ್ಲಿಸಿ ಮಕ್ಕಳಿಗೆ ಹೇಳಿ: ಇದು ತಾನಾಗಿ ಆದ ಸರೋವರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಊರು, ಗದ್ದೆ, ತೋಟಗಳು ಇದರಡಿ ಮುಳುಗಿದವು. ನಾಡಿಗೆ ಬೆಳಕು ಬಂತು, ತುಮರಿ ಸೀಮೆಯವರಿಗೆ ಇದ್ದ ದಾರಿ ಹೋಯಿತು. ದಶಕಗಟ್ಟಲೆ ಅವರು ಲಾಂಚಿಗೆ ಕಾದರು. ಕತ್ತಲಾದ ಮೇಲೆ ಅದೂ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಸುತ್ತುಬಳಸಿನ ಕಾಡುದಾರಿಯೇ ಗತಿಯಾಗಿತ್ತು.

ಸಿಗಂದೂರಿನಲ್ಲಿ ಚೌಡೇಶ್ವರಿಯ ದರ್ಶನ ಮುಗಿಸಿ ಹೊರಟರೆ ಮುಂದೆ ಕೊಡಚಾದ್ರಿಯ ಕಾಡು. ಘಟ್ಟದ ತಿರುವುಗಳಲ್ಲಿ ನಿಧಾನವಾಗಿ ಇಳಿಯಿರಿ. ತಲೆಸುತ್ತು ಬರುವ ಮಕ್ಕಳಿಗೆ ನಿಂಬೆಹಣ್ಣು ಜೊತೆಗಿರಲಿ. ಕೆಳಗೆ ಕೊಲ್ಲೂರು, ಅಲ್ಲಿ ಸೌಪರ್ಣಿಕಾ ನದಿ. ಸಂಜೆ ಮರವಂತೆಯಲ್ಲಿ ಅದೇ ನದಿ ಹೆದ್ದಾರಿಯ ಒಂದು ಮಗ್ಗುಲಿಗೆ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ. ಅಲೆ ಜೋರಾಗಿರುತ್ತದೆ, ದಡದಲ್ಲೇ ಕುಳಿತು ಸೂರ್ಯಾಸ್ತ ನೋಡಿ.

ಮನೆಗೆ ಮರಳಿ ದೀಪದ ಸ್ವಿಚ್ ಒತ್ತುವಾಗ ಮಕ್ಕಳಿಗೆ ತುಮರಿ ನೆನಪಾದರೆ ಪ್ರವಾಸ ಸಾರ್ಥಕ.