ಕಡಿದ ದಾರಿಗೆ ಹೊಸ ಸೇತುವೆ

ಕ್ಯಾನ್ಸರಿನಿಂದಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾಗಿ ಬಂದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಪಾಪನಿವೇದನೆಗೆ ಮೊಮ್ಮಗನ ಸ್ಲೇಟನ್ನು ಹಿಡಿದು ಬರುತ್ತಿದ್ದರು. ಬರೆದು ತೋರಿಸಿ, ಒಡನೆಯೇ ಅಂಗೈಯಿಂದ ಒರೆಸಿಬಿಡುತ್ತಿದ್ದರು. ಕೆಮ್ಮು ಧ್ವನಿಯಲ್ಲ, ಅರ್ಥವುಳ್ಳ ಶಬ್ದವೇ ಧ್ವನಿ ಎಂದು ಅರಿಸ್ಟಾಟಲ್ ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ವಾದಿಸುತ್ತಾನೆ. ಸೆಮಿನರಿಯಲ್ಲಿ ಬರಿಯ ತರ್ಕಸೂಕ್ಷ್ಮವೆಂದು ತೋರಿದ್ದ ಆ ಮಾತು ಸ್ಲೇಟಿನ ಮುಂದೆ ಬೇರೆಯಾಗಿ ಕಂಡಿತು. ಇವರಲ್ಲಿ ಅರ್ಥವಿತ್ತು, ಉಸಿರೂ ಇತ್ತು. ನಡುವಣ ದಾರಿ ಮಾತ್ರ ಕಡಿದುಹೋಗಿತ್ತು.

ಈ ಶಸ್ತ್ರಚಿಕಿತ್ಸೆಯ ನಂತರ ಶ್ವಾಸನಾಳವನ್ನು ಕತ್ತಿನ ಬುಡದ ರಂಧ್ರಕ್ಕೆ ತೆರೆದಿಡುತ್ತಾರೆ. ನಾಲಿಗೆ, ತುಟಿ, ಹಲ್ಲುಗಳು ಹಾಗೆಯೇ ಉಳಿದರೂ ಉಸಿರು ಬಾಯಿಗೆ ಬರುವುದಿಲ್ಲ. 1873ರ ಡಿಸೆಂಬರ್ 31ರಂದು ವಿಯೆನ್ನಾದಲ್ಲಿ ಬಿಲ್ರೋತ್ ಎಂಬ ವೈದ್ಯ ಇಂಥ ಶಸ್ತ್ರಚಿಕಿತ್ಸೆ ಮಾಡಿದ್ದು 36 ವರ್ಷದ ಒಬ್ಬ ಧರ್ಮೋಪದೇಶಕರಿಗೆ. ಮಾತೇ ಕಾಯಕವಾಗಿದ್ದವರು! ಬಿಲ್ರೋತ್‌ರ ಸಹಾಯಕ ಗುಸೆನ್‌ಬೌವರ್ ಅವರಿಗೆ ಕೃತಕ ಧ್ವನಿಪೆಟ್ಟಿಗೆಯನ್ನು ನಿರ್ಮಿಸಿಕೊಟ್ಟರು. ಆದರೆ ರೋಗ ಮರುಕಳಿಸಿ ಮರುವರ್ಷವೇ ಅವರು ತೀರಿಕೊಂಡರು.

ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ಹೊರಬಿಡುತ್ತಾ ಮಾತನಾಡುವ ವಿದ್ಯೆಯೊಂದುಂಟು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಎಲ್ಲರಿಗೂ ಒಲಿಯದು. ಕತ್ತಿಗೆ ಒತ್ತಿ ಹಿಡಿಯುವ ವಿದ್ಯುತ್ ಉಪಕರಣವೂ ಉಂಟು. ಅದರ ಸ್ವರ ಯಂತ್ರದ್ದೇ. ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಪ್ರಕಟಿಸಿದ ಉಪಾಯ ಇನ್ನೂ ಸರಳ: ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಪುಟ್ಟ ಏಕಮುಖ ಕವಾಟ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗಿ ಅದರ ಗೋಡೆಗಳನ್ನು ಕಂಪಿಸುತ್ತದೆ. ಆ ಕಂಪನವನ್ನು ನಾಲಿಗೆ ಮಾತಾಗಿಸುತ್ತದೆ. ಅನ್ನನೀರು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದೂ ಅದೇ ಕವಾಟ.

ಆದರೆ ಕವಾಟ ಶಾಶ್ವತವಲ್ಲ, ಸೋರತೊಡಗಿದಾಗ ಬದಲಾಯಿಸಲೇಬೇಕು. ಆಮದು ಕವಾಟಕ್ಕೆ ಸಾವಿರಾರು ರೂಪಾಯಿ ತೆರಬೇಕಾದಲ್ಲಿ ಬಡವನ ಮಾತಿಗೂ ಬೆಲೆಚೀಟಿ ಅಂಟುತ್ತದೆ. ಬೆಂಗಳೂರಿನ ಡಾ. ವಿಶಾಲ್ ರಾವ್, ತಮ್ಮ ಉದ್ಯಮಿ ಮಿತ್ರ ಶಶಾಂಕ್ ಮಹೇಶ್ ಜೊತೆಗೂಡಿ ‘ಓಂ’ ಹೆಸರಿನ ಕವಾಟವನ್ನು ರೂಪಿಸಿದ್ದು ಈ ಕಾರಣಕ್ಕೇ. 2015ರಲ್ಲಿ ಅದು ಸುದ್ದಿಯಾದಾಗ ಹೇಳಲಾದ ಬೆಲೆ ಕೇವಲ 50 ರೂಪಾಯಿ.

ನಮ್ಮ ಹಿರಿಯರಿಗೂ ಕವಾಟ ಸಿಕ್ಕಿತು. ಸ್ವರ ಗೊಗ್ಗರು, ಫೋನಿನಲ್ಲಿ ಅಪರಿಚಿತರು ಗಾಬರಿಯಾಗುವುದುಂಟು. ಬಲಿಪೂಜೆಯ ಪ್ರತ್ಯುತ್ತರಗಳಲ್ಲಿ ಸಭೆಗಿಂತ ಎರಡು ಪದ ಹಿಂದೆ ಉಳಿಯುತ್ತಾರೆ. ಅವರದು ಮುಗಿಯುವವರೆಗೆ ನಾನು ಮುಂದಿನ ಪ್ರಾರ್ಥನೆಯನ್ನು ಆರಂಭಿಸುವುದಿಲ್ಲ.