ಹಿಂದಕ್ಕೆ ಬಿಡದ ವಾಲ್ವ್, ಬೆಂಕಿಗೆ ನಿಲ್ಲದ ವಾಲ್ವ್

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹೊರಗಿನವರಿಗೆ ಗೊತ್ತಿರುವುದು ಎರಡು ಕಾರಣಕ್ಕೆ: ಮೊಹರಂ ಮತ್ತು ಹರಳು. ಒರಟು ಕಲ್ಲನ್ನು ಕತ್ತರಿಸಿ, ಮುಖ ಕೊಟ್ಟು, ಹೊಳಪು ತರುವ ಕಸುಬು ಇಲ್ಲಿ ಮನೆಮನೆಯದು. ಈ ಕಸುಬಿಗೂ ಜಲಜನಕಕ್ಕೂ ಒಂದು ಹಳೆಯ ನಂಟಿದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಆಗಸ್ಟ್ ವೆರ್ನೊಯ್ 1902ರಲ್ಲಿ ಕೃತಕ ಮಾಣಿಕ್ಯ ಬೆಳೆಸುವ ವಿಧಾನವೊಂದನ್ನು ಪ್ರಕಟಿಸಿದ. ನುಣ್ಣನೆಯ ಅಲ್ಯುಮಿನಾ ಪುಡಿಯನ್ನು ಜಲಜನಕ ಮತ್ತು ಆಮ್ಲಜನಕ ಕೂಡಿ ಉರಿಯುವ ಜ್ವಾಲೆಯ ಮೂಲಕ ಉದುರಿಸುವುದು, ಕರಗಿದ ಹನಿಗಳು ಕೆಳಗಿನ ಪೀಠದ ಮೇಲೆ ಕೂತು ಹರಳಾಗಿ ಬೆಳೆಯುವುದು. ಅಲ್ಯುಮಿನಾ ಕರಗಲು 2,000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಗ್ಗದ ಕೃತಕ ಮಾಣಿಕ್ಯ ಇವತ್ತಿಗೂ ಹುಟ್ಟುವುದು ಈ ಜ್ವಾಲೆಯಲ್ಲೇ.

ಇದೇ ಎರಡು ಅನಿಲಗಳ ಮಿಶ್ರಣವನ್ನು ಕೆಲವರು ಪ್ಲಾಸ್ಟಿಕ್ ಪೈಪಿನಲ್ಲಿ ಕಾರಿನ ಎಂಜಿನ್ನಿಗೆ ಹರಿಸಲು ಹೊರಟಿದ್ದಾರೆ. ಅದಕ್ಕೆ ಬೇಕಾದ ವಾಲ್ವನ್ನೂ ತಾವೇ ಮಾಡಿಕೊಳ್ಳುತ್ತಿದ್ದಾರೆ. ಹಾಗಾಗಿ ಈ ಬರಹ.

'ಎಚ್‌ಎಚ್‌ಒ ಕಿಟ್', 'ಹೈಡ್ರೋಜನ್ ಕಿಟ್' ಎಂಬ ಹೆಸರುಗಳಲ್ಲಿ ಇದು ಆನ್‌ಲೈನ್‌ನಲ್ಲಿ ಮಾರಾಟವಾಗುತ್ತದೆ. ಡಬ್ಬಿಯಂಥ ಒಂದು ಸೆಲ್, ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಗಳು, ಕಾಸ್ಟಿಕ್ ಪೊಟ್ಯಾಷ್ ಕದಡಿದ ನೀರು. ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ನೀರು ಒಡೆದು ಜಲಜನಕ, ಆಮ್ಲಜನಕ ಎರಡೂ ಒಟ್ಟಿಗೇ ಹೊರಬರುತ್ತವೆ. ಆ ಅನಿಲ ಬಬ್ಲರ್ ಎನ್ನುವ ನೀರಿನ ಡಬ್ಬಿಯಲ್ಲಿ ಗುಳುಗುಳು ಎಂದು ಹಾದು, ಏರ್ ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಸೇರಿ ಎಂಜಿನ್ನಿಗೆ ಹೋಗುತ್ತದೆ. ಮೈಲೇಜ್ ಹೆಚ್ಚುತ್ತದೆ ಎಂಬುದು ಮಾರುವವರ ಮಾತು. ಸೆಲ್‌ಗೂ ಎಂಜಿನ್ನಿಗೂ ನಡುವೆ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬೇಕು ಎಂದು ಕಿಟ್ ಕಟ್ಟುವವರಿಗೆಲ್ಲ ಬೇಗನೆ ಅರ್ಥವಾಗುತ್ತದೆ. ಗಾಡಿ ನಿಂತು ತಣ್ಣಗಾದಾಗ ಸೆಲ್‌ನೊಳಗಿನ ಅನಿಲ ಕುಗ್ಗಿ ಬಬ್ಲರ್‌ನ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ಬ್ಯಾಕ್‌ಫೈರ್ ಆದರೆ ಬೆಂಕಿ ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ. ಈ ಎರಡಕ್ಕೂ ಒಂದೇ ವಾಲ್ವ್ ಸಾಕೆಂಬ ನಂಬಿಕೆಯಲ್ಲೇ ತಪ್ಪಿರುವುದು.

ಚೆಕ್ ವಾಲ್ವ್ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬದುಕು ನಿಂತಿರುವುದೇ ಕೊಳವೆಬಾವಿಯ ಮೇಲೆ. ಮೋಟರಿನ ಜೊತೆ ಇಳಿಯುವ ನಾನ್ ರಿಟರ್ನ್ ವಾಲ್ವ್, ಅಂದರೆ ಎನ್‌ಆರ್‌ವಿ ಗೊತ್ತಿಲ್ಲದ ರೈತನಿಲ್ಲ. ಸಾವಿರ ಅಡಿ ಪೈಪಿನಲ್ಲಿ ನಿಂತ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕೆಜಿ ಒತ್ತಡ ಹಾಕುತ್ತದೆ. ಕರೆಂಟ್ ಹೋದ ಕ್ಷಣ ಅಷ್ಟೂ ನೀರು ಕೆಳಗೆ ಬಿದ್ದು ಪಂಪನ್ನು ಹಿಂದುಮುಂದಾಗಿ ತಿರುಗಿಸದಂತೆ ಹಿಡಿದು ನಿಲ್ಲಿಸುವುದು ಆ ಪುಟ್ಟ ವಾಲ್ವ್.

ಇನ್ನೂ ಸಣ್ಣದು ಹಳೆಯ ಸೈಕಲ್ ಟ್ಯೂಬಿನಲ್ಲಿತ್ತು. ಪಂಕ್ಚರ್ ಅಂಗಡಿಯಲ್ಲಿ 'ವಾಲ್‌ಟ್ಯೂಬ್' ಎಂದು ಕೇಳಿದರೆ ಬೆರಳುದ್ದದ ರಬ್ಬರ್ ನಳಿಗೆ ಕತ್ತರಿಸಿ ಕೊಡುತ್ತಿದ್ದರು. ಹಿತ್ತಾಳೆಯ ಕಡ್ಡಿಯೊಂದರ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು. ಅದರ ಮೇಲೆ ಎಂಜಲು ಸವರಿ ರಬ್ಬರನ್ನು ಎಳೆದು ಕೂರಿಸಬೇಕು. ಪಂಪ್ ಒತ್ತಿದಾಗ ಗಾಳಿ ತೂತಿನಿಂದ ಹೊರಟು ರಬ್ಬರನ್ನು ಉಬ್ಬಿಸಿ ಟ್ಯೂಬಿಗೆ ನುಗ್ಗುತ್ತದೆ. ಪಂಪ್ ಬಿಟ್ಟಾಗ ಟ್ಯೂಬಿನೊಳಗಿನ ಗಾಳಿಯೇ ರಬ್ಬರನ್ನು ತೂತಿಗೆ ಒತ್ತಿ ದಾರಿ ಮುಚ್ಚುತ್ತದೆ. ಸ್ಪ್ರಿಂಗ್ ಇಲ್ಲ, ಗುಂಡಿಲ್ಲ. ಹಿಂದಕ್ಕೆ ಹೊರಟವನನ್ನು ಅವನ ಬಲದಿಂದಲೇ ತಡೆಯುವ ಈ ತತ್ವದಷ್ಟು ಸರಳ ಎಂಜಿನಿಯರಿಂಗ್ ನನಗೆ ಬೇರೆ ಕಂಡಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ಸ್ವಯಂಚಾಲಿತ ಗೇಟುಗಳಲ್ಲಿಯೂ ಹೀಗೆ ನೀರಿನ ಬಲವನ್ನೇ ದುಡಿಸಿಕೊಂಡಿದ್ದರು: ಪ್ರವಾಹ ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಗೇಟುಗಳು.

ಆದ್ದರಿಂದ ಲೇತ್ ಬಲ್ಲವರಿಗೆ ಚೆಕ್ ವಾಲ್ವ್ ಮಾಡುವುದು ಅರ್ಧ ದಿನದ ಕೆಲಸ. ಹಿತ್ತಾಳೆಯ ನಿಪ್ಪಲ್ ಒಳಗೆ ಇಳಿಜಾರು ಸೀಟು ಕೊರೆದು, ಬೇರಿಂಗ್ ಗುಂಡೊಂದನ್ನು ಕೂರಿಸಿ, ಹಿಂದೆ ಬಾಲ್‌ಪೆನ್ನಿನ ಸ್ಪ್ರಿಂಗ್ ಇಟ್ಟರೆ ಮುಗಿಯಿತು. ಬಾಯಿಂದ ಊದಿದರೆ ಒಂದು ಕಡೆ ಹೋಗುತ್ತದೆ, ಇನ್ನೊಂದು ಕಡೆ ಹೋಗುವುದಿಲ್ಲ. ನೀರಿಗೂ ಗಾಳಿಗೂ ಇದು ನಡೆಯುತ್ತದೆ. ಕಿಟ್‌ಗೆ ಹಾಕಿದಾಗ ಕಷ್ಟ ಒಂದೊಂದಾಗಿ ಶುರು.

ಮೊದಲನೆಯದು ಒತ್ತಡ. ಕಿಟ್‌ನೊಳಗೆ ಇರುವುದು ಹತ್ತಿಪ್ಪತ್ತು ಸೆಂಟಿಮೀಟರ್ ನೀರನ್ನು ತಳ್ಳುವಷ್ಟು ಒತ್ತಡ, ಸೈಕಲ್ ಟ್ಯೂಬಿನ ನೂರರಲ್ಲೊಂದು ಪಾಲು. ಪೆನ್ನಿನ ಸ್ಪ್ರಿಂಗ್ ಇದಕ್ಕೆ ಬಿಗಿಯಾಯಿತು. ಸಡಿಲ ಮಾಡಿದರೆ ಗುಂಡು ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಎರಡನೆಯದು ಕಾಸ್ಟಿಕ್. ಅನಿಲದ ಜೊತೆ ಅದರ ಮಂಜೂ ಪೈಪಿನಲ್ಲಿ ಸಾಗುತ್ತದೆ. ಹಿತ್ತಾಳೆಯಲ್ಲಿರುವ ಸತುವನ್ನು ಅದು ಮೆಲ್ಲಗೆ ತಿನ್ನುತ್ತದೆ. ಅಲ್ಯುಮಿನಿಯಂ ಫಿಟ್ಟಿಂಗ್ ಹಾಕಿದರಂತೂ ಕಾಸ್ಟಿಕ್ ಅದರೊಡನೆ ಸೇರಿ ಬೇಡದ ಜಾಗದಲ್ಲಿ ಇನ್ನಷ್ಟು ಜಲಜನಕ ಹುಟ್ಟಿಸುತ್ತದೆ. ಮೀನಿನ ತೊಟ್ಟಿಗೆ ಹಾಕುವ ಪ್ಲಾಸ್ಟಿಕ್ ವಾಲ್ವ್ ಬಾನೆಟ್ಟಿನ ಬಿಸಿಗೆ ಮೆತ್ತಗಾಗುತ್ತದೆ, ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೂರನೆಯದು ಸೋರಿಕೆ. ಎಲ್ಲ ಅನಿಲಗಳಲ್ಲಿ ಹಗುರವಾದ ಜಲಜನಕ ನೀರು ನಿಂತ ಕಡೆಯೆಲ್ಲ ನಿಲ್ಲುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊತ್ತಿಕೊಂಡರೆ ಬಿಸಿಲಿನಲ್ಲಿ ಜ್ವಾಲೆಯೂ ಕಾಣುವುದಿಲ್ಲ.

ಇವೆಲ್ಲ ಜಾಣ ಕೈ ಸರಿಮಾಡಿಕೊಳ್ಳಬಹುದಾದ ತೊಂದರೆಗಳೇ. ಬೆಂಕಿಯದು ಹಾಗಲ್ಲ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಎಷ್ಟೇ ಜಲಜನಕವಿದ್ದರೂ ಹೊತ್ತಿಕೊಳ್ಳುತ್ತದೆ. ಹೊತ್ತಿಸಲು ಬೇಕಾದ ಕಿಡಿ ಪೆಟ್ರೋಲ್ ಆವಿಗೆ ಬೇಕಾದುದರ ಹತ್ತರಲ್ಲೊಂದು ಪಾಲು ಸಾಕು. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಪಟ ಎನ್ನುವ ಕಿಡಿ ಅದಕ್ಕೆ ಎಷ್ಟೋ ಹೆಚ್ಚಾಯಿತು. ಅದೂ ಕಿಟ್‌ನ ಪೈಪಿನಲ್ಲಿರುವುದು ಬರೀ ಜಲಜನಕವಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ಸರಿಯಾದ ಪ್ರಮಾಣದಲ್ಲಿ ಜೊತೆಗೇ ಇಟ್ಟುಕೊಂಡ ಮಿಶ್ರಣ. ಅದು ಸಿಡಿಯುವ ಹಂತಕ್ಕೆ ಹೋದರೆ ಬೆಂಕಿ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 2,800 ಮೀಟರ್ ವೇಗದಲ್ಲಿ ಓಡುತ್ತದೆ. ಒಂದಡಿ ಪೈಪು ದಾಟಲು ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲು. ಗುಂಡು, ಸ್ಪ್ರಿಂಗ್‌ಗಳಿಗೆ ತೂಕವಿದೆ; ಅವು ಅಲುಗಿ ಸೀಟಿಗೆ ಬರುವಷ್ಟರಲ್ಲಿ ಬೆಂಕಿ ಸೆಲ್ ಸೇರಿರುತ್ತದೆ. ನಿಧಾನದ ಬೆಂಕಿಯಾದರೆ ಒತ್ತಡದ ಅಲೆ ಮುಂದಾಗಿ ಬಂದು ವಾಲ್ವ್ ಮುಚ್ಚಿಕೊಂಡೀತು. ಅದರ ಮೇಲೆ ಭರವಸೆ ಇಟ್ಟು ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸುವುದು ಸಲ್ಲದು.

ಬೆಂಕಿ ತಡೆಯುವ ಸಾಧನವೇ ಬೇರೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರ ದೀಪಕ್ಕೆ ಸುತ್ತಿದ ತಂತಿಬಲೆಯ ಗುಟ್ಟು ಇದು: ಸಣ್ಣ ಕಂಡಿಗಳಲ್ಲಿ ನುಸುಳುವಾಗ ಬೆಂಕಿ ತನ್ನ ಬಿಸಿಯನ್ನು ಲೋಹಕ್ಕೆ ಕೊಟ್ಟು ನಂದುತ್ತದೆ. ಅಡುಗೆ ಅನಿಲಕ್ಕೆ ಸಾಕಾಗುವ ಕಂಡಿ ಜಲಜನಕಕ್ಕೆ ದೊಡ್ಡದಾಗುತ್ತದೆ. ಗಾಳಿ ಬೆರೆತ ಜಲಜನಕದ ಬೆಂಕಿ ಒಂದು ಮಿಲಿಮೀಟರಿಗಿಂತ ಕಿರಿದಾದ ಸಂದಿಯಲ್ಲೂ ದಾಟುತ್ತದೆ, ಆಮ್ಲಜನಕ ಬೆರೆತದ್ದಕ್ಕೆ ಇನ್ನೂ ಕಿರಿದು ಬೇಕು. ಗ್ಯಾಸ್ ವೆಲ್ಡಿಂಗ್ ಮಾಡುವವರ ಸಿಲಿಂಡರಿಗೆ ಹಾಕುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್‌ನಲ್ಲಿ ಲೋಹದ ಪುಡಿಯನ್ನು ಒತ್ತಿ ಬೇಯಿಸಿದ ಬಿಲ್ಲೆಯೊಂದು ಬೆಂಕಿ ನಂದಿಸುತ್ತದೆ, ಅದರ ಜೊತೆಗಿರುವ ಚೆಕ್ ವಾಲ್ವ್ ಅನಿಲ ಹಿಂದಕ್ಕೆ ಹರಿಯುವುದನ್ನಷ್ಟೇ ತಡೆಯುತ್ತದೆ. ಕಾರ್ಬೈಡ್ ಡ್ರಮ್ಮಿನ ಕಾಲದ ವೆಲ್ಡರುಗಳಿಗೂ ಇದು ಗೊತ್ತಿತ್ತು. ಅದಕ್ಕೇ ಅವರು ನಡುವೆ ನೀರಿನ ತಡೆ ಇಡುತ್ತಿದ್ದರು. ಕಿಟ್‌ನ ಬಬ್ಲರ್ ಮಾಡುವುದೂ ಇದನ್ನೇ. ಆದರೆ ವೆಲ್ಡಿಂಗ್ ಡ್ರಮ್ಮು ನೆಲದ ಮೇಲೆ ನಿಂತಿರುತ್ತಿತ್ತು. ಗಾಡಿ ಹಳ್ಳ ಇಳಿದು ದಿಣ್ಣೆ ಹತ್ತುತ್ತದೆ, ಬಬ್ಲರ್ ವಾಲುತ್ತದೆ, ನೀರು ಆವಿಯಾಗಿ ತಗ್ಗುತ್ತದೆ. ತಡೆ ಇಲ್ಲವಾದದ್ದು ಓಡಿಸುವವನಿಗೆ ತಿಳಿಯುವುದೂ ಇಲ್ಲ.

ಅನಿಲದಿಂದ ಗಾಡಿ ಓಡಿಸಿದ ಅನುಭವ ನಮ್ಮ ನಾಡಿಗೆ ಇಲ್ಲದಿಲ್ಲ. ಎರಡನೇ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡಿನ ಜೊತೆ ಸ್ವಲ್ಪ ಜಲಜನಕವೂ ಇರುತ್ತಿತ್ತು. ಅರ್ಧಕ್ಕೂ ಹೆಚ್ಚು ಪಾಲು ಸಾರಜನಕವಾದ್ದರಿಂದ, ಉರಿಯಲು ಬೇಕಾದ ಗಾಳಿ ಎಂಜಿನ್ ಬಾಗಿಲಲ್ಲಷ್ಟೇ ಸೇರುತ್ತಿದ್ದುದರಿಂದ ಅದು ತಣ್ಣಗೆ ಉರಿಯುತ್ತಿತ್ತು. ಎಚ್‌ಎಚ್‌ಒ ಅದಕ್ಕೆ ತೀರಾ ವಿರುದ್ಧ. ಇದ್ದಿಲಿನ ಬಸ್ಸಿನ ಹೆಸರು ಹೇಳಿ ಈ ಕಿಟ್‌ಗೆ ಸಮರ್ಥನೆ ಹುಡುಕುವುದು ಸರಿಯಲ್ಲ.

ಇಷ್ಟು ಅಪಾಯ ಹೊತ್ತು ಸಿಗುವುದಾದರೂ ಏನು? ಲೆಕ್ಕ ಹಾಕೋಣ. ಆರು ಸೆಲ್‌ಗಳ ಕಿಟ್ಟಿಗೆ 20 ಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 50 ಲೀಟರ್ ಜಲಜನಕ, ತೂಕದಲ್ಲಿ ನಾಲ್ಕೂವರೆ ಗ್ರಾಂ. ಅದರಲ್ಲಿರುವ ಶಕ್ತಿ 150 ವ್ಯಾಟ್‌ ಅವರ್. ಇದಕ್ಕೆ ಆಲ್ಟರ್ನೇಟರ್ ಕೊಡಬೇಕಾದ ವಿದ್ಯುತ್ತು ಸುಮಾರು 275 ವ್ಯಾಟ್. ಆಲ್ಟರ್ನೇಟರ್‌ನಲ್ಲಿ ಅರ್ಧದಷ್ಟು, ಎಂಜಿನ್‌ನಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಪೋಲಾಗುವುದನ್ನು ಸೇರಿಸಿದರೆ ಅಷ್ಟು ವಿದ್ಯುತ್ತಿಗೆ ಉರಿಯುವ ಪೆಟ್ರೋಲಿನ ಶಕ್ತಿ ಸುಮಾರು 2,000 ವ್ಯಾಟ್. ಎರಡು ಸಾವಿರ ಖರ್ಚು, ನೂರೈವತ್ತು ಹುಟ್ಟುವಳಿ. ಗಂಟೆಗೆ ಕಾಲು ಲೀಟರ್ ಹತ್ತಿರದ ಪೆಟ್ರೋಲು ಈ ಡಬ್ಬಿಗೇ ಹೋಯಿತು. ಜಲಜನಕ ಸೇರಿದರೆ ಪೆಟ್ರೋಲ್ ಚೆನ್ನಾಗಿ ಉರಿಯುತ್ತದೆ ಎನ್ನುವವರಿದ್ದಾರೆ. 1,000 ಸಿಸಿ ಎಂಜಿನ್ 2,000 ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ನಿಮಿಷಕ್ಕೆ ಸಾವಿರ ಲೀಟರ್‌ವರೆಗೆ ಗಾಳಿ ಎಳೆಯುತ್ತದೆ, ಕಿಟ್ ಕೊಡುವುದು ನಿಮಿಷಕ್ಕೆ ಒಂದೂಕಾಲು ಲೀಟರ್ ಮಿಶ್ರಣ. ಅಷ್ಟರಿಂದ ಮೈಲೇಜ್ ಏರುವುದಿಲ್ಲ. ನೀರಿನಿಂದಲೇ ಕಾರು ಓಡಿಸುತ್ತೇನೆಂದು ಹಣ ಪಡೆದಿದ್ದ ಅಮೆರಿಕದ ಸ್ಟ್ಯಾನ್ಲಿ ಮೇಯರ್‌ನ 'ವಾಟರ್ ಫ್ಯುಯೆಲ್ ಸೆಲ್' ವಂಚನೆ ಎಂದು ಓಹಿಯೋದ ನ್ಯಾಯಾಲಯ 1996ರಲ್ಲೇ ತೀರ್ಪು ಕೊಟ್ಟಿದೆ.

ಅದೇ ಓಹಿಯೋದ ವಿಶ್ವವಿದ್ಯಾಲಯದಲ್ಲಿ ಅಣುಭೌತ ವಿಜ್ಞಾನ ಓದಿ ಬಂದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದವರು, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಜೀವನಪೂರ್ತಿ ಹೇಳಿದವರು. ಅವರ ತಾಲ್ಲೂಕಿನವರು ಕಿಟ್ ಮಾರುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಒಡೆಯಲು ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ?

ಜಲಜನಕದ ವಾಹನವೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 2022ರ ಮಾರ್ಚ್‌ನಲ್ಲಿ ಮಿರಾಯ್ ಕಾರನ್ನು ಪ್ರಾಯೋಗಿಕವಾಗಿ ರಸ್ತೆಗಿಳಿಸಿತು, ಕೇಂದ್ರ ಸಚಿವ ನಿತಿನ್ ಗಡ್ಕರಿ ಅದರಲ್ಲೇ ಸಂಸತ್ತಿಗೆ ಹೋದರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ತೆಗೆಯುವ ವಿಧಾನ ತೋರಿಸಿತು. ಮಿರಾಯ್‌ನ ಸಿಲಿಂಡರಿನಲ್ಲಿ ಶುದ್ಧ ಜಲಜನಕ 700 ಬಾರ್ ಒತ್ತಡದಲ್ಲಿರುತ್ತದೆ, ಆಮ್ಲಜನಕ ಅದರ ಹತ್ತಿರ ಸುಳಿಯುವುದಿಲ್ಲ. ಇಂಥ ಕಾರಿನಲ್ಲೂ ಚೆಕ್ ವಾಲ್ವ್ ಇದೆ. ವಿಶ್ವಸಂಸ್ಥೆಯ ಅಡಿಯಲ್ಲಿ 2013ರಲ್ಲಿ ರೂಪುಗೊಂಡ ಜಾಗತಿಕ ನಿಯಮದ ಪ್ರಕಾರ ಆ ವಾಲ್ವ್ 11,000 ಸಲ ತೆರೆದು ಮುಚ್ಚಿದ ಮೇಲೂ ಸೋರಬಾರದು. ಮನೆಯಲ್ಲಿ ಮಾಡಿದ ವಾಲ್ವ್ ಬಾಯಿಂದ ಊದಿದಾಗ ಸರಿಹೋಯಿತು ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ವಾಹನದ ಮೂಲ ಸ್ವರೂಪ ಬದಲಿಸುವಂತಿಲ್ಲ. ಸಿಎನ್‌ಜಿ ಕಿಟ್ಟಿಗೂ ಮಾನ್ಯತೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು.

ವಾಲ್ವ್ ಮಾಡುವ ಕೈಗಳಿಗೆ ನಮ್ಮ ಜಿಲ್ಲೆಯಲ್ಲಿ ಕೆಲಸ ಬೇಕಾದಷ್ಟಿದೆ. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಡ್ರಿಪ್‌ನಲ್ಲೇ ಗೊಬ್ಬರ ಬಿಡುವುದು ರೂಢಿ. ಗೊಬ್ಬರದ ತೊಟ್ಟಿಗೂ ಬಾವಿಗೂ ನಡುವೆ ಚೆಕ್ ವಾಲ್ವ್ ಇಲ್ಲದಿದ್ದರೆ ಕರೆಂಟ್ ಹೋದಾಗ ಗೊಬ್ಬರದ ನೀರು ಹಿಂದಕ್ಕೆ ಸರಿದು ಕೊಳವೆಬಾವಿಗೇ ಇಳಿಯಬಹುದು. ಅದೇ ನೀರನ್ನು ಮನೆಯವರು ಕುಡಿಯುತ್ತಾರೆ. ಇಲ್ಲಿ ವಾಲ್ವ್ ಕೈಕೊಟ್ಟರೆ ಬಿಚ್ಚಿ, ಸೀಟು ಉಜ್ಜಿ, ಮತ್ತೆ ಹಾಕಬಹುದು.

ನಿಮ್ಮ ಗಾಡಿಯಲ್ಲಿ ಈಗಾಗಲೇ ಎಚ್‌ಎಚ್‌ಒ ಕಿಟ್ ಇದ್ದರೆ ತೆಗೆಸಿಬಿಡಿ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ತೆರೆದಿಟ್ಟು ಅನಿಲ ಚದುರಲು ಬಿಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಎಂಜಿನ್ ತಣಿದ ಮೇಲೆ ತಿಳಿದ ಮೆಕ್ಯಾನಿಕ್ಕಿನ ಕೈಯಲ್ಲಿ ಬಿಚ್ಚಿಸಿ. ಒಳಗಿನ ಕಾಸ್ಟಿಕ್ ನೀರು ಕಣ್ಣಿಗೆ, ಮೈಗೆ ತಾಗದಂತೆ ನೋಡಿಕೊಳ್ಳಿ.